ತಾರಸಿಯಲ್ಲಿ ನಡೆದ ಡೇರೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮಣ್ಣಗುಡ್ಡದ ನಮ್ಮ ಮನೆಯ ತಾರಸಿಯಲ್ಲಿ ಡೇರೆ ನಡೆಯತೊಡಗಿತು. ಒಳಗೆ ಅಮ್ಮ ಇದ್ದಳು.

ಡೇರೆ ತಂದದ್ದು ಗಲ್ಫಿನಿಂದ ರಜೆಗೆ ಬಂದ ಬಾವ, ಅಕ್ಕನ ಗಂಡ. ಎರಡು ಪದರದ ಬಟ್ಟೆ, ಹೊಲಿಗೆಯ ಮೇಲೆಲ್ಲ ನೀರು ನುಗ್ಗದ ಪಟ್ಟಿ, ಬಾಗಿದರೂ ಮುರಿಯದ ಅಲ್ಯೂಮಿನಿಯಂ ಕೋಲು, ಗೋಡೆಗೇ ಸೇರಿಸಿ ಹೊಲಿದ ನೆಲ, ಎದುರುಬದುರು ಎರಡು ಜಿಪ್ಪಿನ ಬಾಗಿಲು. ಅವರು ಇಷ್ಟೆಲ್ಲ ವಿವರಿಸಿದ ಮೇಲೆ ಅಮ್ಮ ಕೇಳಿದ್ದು ಒಂದೇ, ಕಾಗೆ ಒಳಗೆ ಬರ್ತದಾ ಎಂದು. ಬರುವುದಿಲ್ಲ ಎಂದಾದದ್ದೇ ಡೇರೆ ಹಲಸಿನ ಹಪ್ಪಳ ಒಣಗಿಸಲು ತಾರಸಿ ಸೇರಿತು.

ಕಾಂಕ್ರೀಟಿಗೆ ಗೂಟ ಹೊಡೆಯಲಾಗದು. ಬಾವ ಮೂಲೆಯ ಹಗ್ಗಗಳನ್ನು ನಾಲ್ಕು ಹೂವಿನ ಚಟ್ಟಿಗಳಿಗೆ ಕಟ್ಟಿದ್ದರು. ಮಲ್ಲಿಗೆ ಬಾಡುತ್ತದೆಂದು ಅಮ್ಮ ಮೂರನ್ನು ಬಿಚ್ಚಿ ನೆರಳಿಗೆ ಸರಿಸಿದ್ದಳು. ಆ ದಿನ ಮೋಡ ಕಂಡದ್ದೇ ಒಳಗೆ ಹೋಗಿ ಎರಡೂ ಜಿಪ್ ಎಳೆದುಕೊಂಡಳು.

ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಗಾಳಿ ಬೀಸಿತು. ಸಾಧಾರಣ ಡೇರೆಯಾಗಿದ್ದರೆ ಹರಿದು, ಅಮ್ಮನನ್ನು ಬಿಟ್ಟು ಹಾರಿಹೋಗುತ್ತಿತ್ತು. ಇದರ ಒಂದು ಹೊಲಿಗೆಯೂ ಬಿಡಲಿಲ್ಲ. ಉಬ್ಬಿಕೊಂಡು, ಅಮ್ಮನನ್ನೂ ಹಪ್ಪಳವನ್ನೂ ನೆಲಸಮೇತ ಹೊತ್ತು, ಉಳಿದೊಂದು ಚಟ್ಟಿಯನ್ನು ಎಳೆಯುತ್ತ ಕೆಳಗೆ ಬಾವಿಯಿದ್ದ ಬದಿಗೆ ಜಾರಿತು. ಆ ಬದಿಗೆ ಪ್ಯಾರಪೆಟ್ ಗೋಡೆ ಇರಲಿಲ್ಲ.

ನಾನು ಹಗ್ಗ ಹಿಡಿದು ಕೂತೆ. ಅದು ನನ್ನನ್ನೂ ಎಳೆಯಿತು.

"ಅಮ್ಮ, ಜಿಪ್ ತೆಗಿ. ಎರಡೂ ತೆಗಿ."

"ಮಳೆ ಬರ್ತಾ ಉಂಟಲ್ಲ. ಹಪ್ಪಳ ಒದ್ದೆ ಆದ್ರೆ ನೀನು ತಿಂತೀಯಾ?"

"ಅಂಚಿಗೆ ಇನ್ನು ಎರಡೇ ಹೆಜ್ಜೆ ಉಂಟು."

"ಎಂತದ್ರ ಅಂಚು?"

"ತಾರಸಿಯದ್ದು ಮಾರಾಯ್ತಿ."

ಒಂದರ ಬೆನ್ನಿಗೊಂದು ಎರಡು ಜಿಪ್ಪಿನ ಸದ್ದು. ಗಾಳಿ ಒಂದು ಬಾಗಿಲಿಂದ ನುಗ್ಗಿ ಇನ್ನೊಂದರಿಂದ ಹೊರಬಿತ್ತು, ಜೊತೆಗೆ ಹಪ್ಪಳಗಳೂ, ಪಕ್ಕದ ಮನೆಯ ಹೆಂಚಿನ ಮಾಡಿನ ಮೇಲೆ. ಡೇರೆ ಕುಗ್ಗಿ ನಿಂತಿತು. ಅಮ್ಮ ತಲೆ ಹೊರಗೆ ಹಾಕಿ ಕೆಳಗಿನ ಬಾವಿಕಟ್ಟೆ ನೋಡಿದಳು. ಆಮೇಲೆ ಅಂಬೆಗಾಲಲ್ಲಿ ಹಿಂದಕ್ಕೆ ಬಂದಳು.

ಸಂಜೆ ಅವಳು ಬಾವನಿಗೆ ದೂರಿದ್ದು ನಾನು ತಾಯಿಗೇ ಮಾರಾಯ್ತಿ ಅಂದದ್ದನ್ನು ಮಾತ್ರ. ಬಾವ ಹೊಲಿಗೆಗಳನ್ನೆಲ್ಲ ತಡವಿ, ಡೇರೆಗೆ ಎಂತದ್ದೂ ಆಗಲಿಲ್ಲವೆಂದು ಹೆಮ್ಮೆಪಟ್ಟರು. ನನಗೆ ಆಗಿತ್ತು. ಯಾರಾದರೂ ಬ್ಯಾಗಿನ ಜಿಪ್ ಎಳೆದರೂ ಹಗ್ಗ ಹಿಡಿಯಲು ಕೈ ಮುಂದಾಗುತ್ತಿತ್ತು. ರಾತ್ರಿ ಫ್ಯಾನಿಗೆ ಕರ್ಟನ್ ಉಬ್ಬಿದರೆ ಎದ್ದು, ಅಮ್ಮ ಮಂಚದಲ್ಲೇ ಇದ್ದಾಳೆಯೇ ಎಂದು ನೋಡಿ ಬರುತ್ತಿದ್ದೆ.

ರಜೆ ಮುಗಿಯುವ ಮುನ್ನ ಬಾವ ಡೇರೆಯನ್ನು ಅಂಗಳಕ್ಕಿಳಿಸಿ, ಉದ್ದದ ಗೂಟಗಳನ್ನು ಓರೆಯಾಗಿ ಮಣ್ಣಿಗೆ ಹೊಡೆದರು. ನಾನು ಒಂದೊಂದನ್ನೂ ಎಳೆದು ನೋಡಿದೆ. ಅಮ್ಮ ಬಚ್ಚಲೊಲೆಗೆ ಉರಿಸುವ ತೆಂಗಿನ ಸಿಪ್ಪೆಯನ್ನು ಒಳಗೆ ತುಂಬಿ, ಹೊರಗೆ ನಿಂತೇ ಜಿಪ್ ಎಳೆದಳು.

ಮಳೆಗಾಲ ಶುರುವಾದ ಮರುದಿನ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಅವಳೇ. ರಾತ್ರಿಯ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗಿತ್ತಂತೆ. ನನಗೆ ಗೊತ್ತೇ ಆಗಿರಲಿಲ್ಲ. ಅವಳ ಕೈಯಲ್ಲಿ ಡೇರೆಯಿಂದ ತಂದ ಒಂದು ಸಿಪ್ಪೆ ಇತ್ತು, ಒಣಗಿದ್ದು.