ಕರ್ಪೂರ ಆರುವುದರೊಳಗಿನ ಪಾಠ

ವಿದ್ಯೆಯನ್ನಿತ್ತ ಗುರುವಿಗೂ, ಅದನ್ನು ನನ್ನ ಮಂದಬುದ್ಧಿಗೆ ಇಳಿಸಿದ ಭಗವಂತನಿಗೂ, ಒರೆಸಿದಷ್ಟು ಸಲವೂ ಬೇಸರಿಸದೆ ನಮ್ಮ ಗೀಚಾಟಕ್ಕೆ ಮೈಯೊಡ್ಡಿದ ಆ ಕರಿಹಲಗೆಗೂ ಮೊದಲು ನಮಸ್ಕಾರ.

ನಲವತ್ತರ ದಶಕದಲ್ಲಿ ನಾನು ಬಬಲೇಶ್ವರದಿಂದ ವಿಜಯಪುರಕ್ಕೆ ಬಂದು, ಅಥಣಿ ರಸ್ತೆಯ ಸಣ್ಣ ಪಾಠಶಾಲೆಯೊಂದರಲ್ಲಿ ವೈದ್ಯ ಕಲಿಯುತ್ತಿದ್ದೆ. ಗುರುಗಳದು ವಿಲಕ್ಷಣ ನಿಯಮ. ಶಿಷ್ಯನು ಒಂದು ರೋಗವನ್ನು ಹಲಗೆಯ ಮೇಲೆ ಒಂದೇ ಚಿತ್ರದಲ್ಲಿ ಬರೆದು, ತಟ್ಟೆಯಲ್ಲಿ ಹಚ್ಚಿಟ್ಟ ಕರ್ಪೂರ ಆರುವುದರೊಳಗೆ ವಿವರಿಸಿ ಮುಗಿಸಬೇಕು. "ನಿಮ್ಮ ಶ್ಲೋಕ ಮುಗಿಯೂತನಕ ರೋಗಿ ಕಾಯಂಗಿಲ್ಲ" ಎನ್ನುತ್ತಿದ್ದರು.

ಈ ನಿಯಮಕ್ಕೆ ಸಿಕ್ಕಿ ನಲುಗಿದವನು ಟಿಕೋಟದ ನನ್ನ ಸಹಪಾಠಿ. ಪುರಾಣ ಹೇಳುವ ಮನೆತನದವನು. ನೆಗಡಿಯನ್ನು ವಿವರಿಸಲೂ ಪಂಚಭೂತಗಳ ಉತ್ಪತ್ತಿಯಿಂದಲೇ ಹೊರಡುವನು. "ಟಿಕೋಟಾಕ್ಕ ಹೋಗಂದ್ರ ಬಬಲೇಶ್ವರ ಸುತ್ತಿ ಹೊಂಟಾನ ನೋಡ್ರಿ" ಎಂದು ಗುರುಗಳು ನಗುವರು.

ವಾರ್ಷಿಕ ಪರೀಕ್ಷೆಯಲ್ಲಿ ಅವನ ಪಾಲಿಗೆ ವಾಂತಿಭೇದಿ ಬಂತು. ಹಲಗೆಯ ತುಂಬ ದೇಹದ ಸಕಲ ನಾಡಿಗಳನ್ನೂ ಬರೆದು ತಿರುಗಿದ. ಜ್ವಾಲೆ ಕಂಡದ್ದೇ ತಡ, ಹುಟ್ಟಿನಿಂದ ಬಂದ ಅಭ್ಯಾಸ, ಕೈಚಾಚಿ ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಅವನು ತೆಗೆದುಕೊಂಡ ಮೇಲೆ ನಾವು ಬಿಟ್ಟೇವೆ? ತಟ್ಟೆ ಸಾಲಿನುದ್ದಕ್ಕೂ ಸಾಗಿ ಮರಳುವಾಗ ಕರ್ಪೂರ ಆರಿತ್ತು.

"ಯಪ್ಪಾ, ಇದು ಪರೀಕ್ಷಾನೋ ಪೂಜಾನೋ? ನಾಳಿ ಇನ್ನೊಮ್ಮೆ ಹೇಳು. ನಾಳೀನೂ ಆರಿತಂದ್ರ ಗಂಟು ಕಟ್ಟು, ಊರಾಗ ಪುರಾಣ ಹೇಳಕೋತ ಇರು" ಎಂದರು ಗುರುಗಳು.

ವೈದ್ಯನಾಗಬೇಕೆಂಬ ಒಂದೇ ಹಂಬಲದಿಂದ ಬಂದಿದ್ದ ಗೆಳೆಯನ ಮುಖ ಬಾಡಿತು. ಸಂಜೆ ಬಾವಿಯ ಕಟ್ಟೆಯಲ್ಲಿ ಕೊಡಕ್ಕೆ ನೀರು ಸೇದುತ್ತಿದ್ದ ಅವನಿಗೆ ನಾನೆಂದೆ: "ಲೇ, ನಿಮ್ಮವ್ವಗ ತಿಳಿಯೂಹಂಗ ಹೇಳು. ಅಕಿಗೆ ಪಂಚಭೂತ ಯಾಕ ಬೇಕು?"

"ತಡಿಯೋ, ಮದಲ ಈ ಸೋರೋ ಕೊಡ ತುಂಬಲಿ" ಎಂದವನು, ಆ ಕೊಡವನ್ನೇ ನೋಡುತ್ತ ನಿಂತುಬಿಟ್ಟ.

ಮರುದಿನ ಹಲಗೆಯ ಮೇಲೆ ತೂತುಬಿದ್ದ ಕೊಡವೊಂದೇ ಮೂಡಿತು.

"ಇವ ರೋಗಿ. ಸೋರಾಕತ್ತಾನ. ತೂತು ಹುಡುಕ್ಕೋತ ಕುಂತ್ರ ಕೊಡ ಬರಿದಾಗತೈತಿ. ಮದಲ ಉಪ್ಪು ಹಾಕಿದ ಗಂಜಿ ಗುಟುಕು ಗುಟುಕು ತುಂಬ್ರಿ. ಆಮ್ಯಾಲ ಔಷಧ ಕೊಟ್ಟು ತೂತು ಮುಚ್ರಿ."

ಅಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟ.

"ಮುಗೀತೇನೋ?" ಗುರುಗಳು ನಂಬಲಿಲ್ಲ.

"ಮುಗೀತ್ರಿ."

"ಕರ್ಪೂರ ಇನ್ನೂ ಉರಿಯಾಕತ್ತೈತಲ್ಲೋ!"

"ಹಂಗಾದ್ರ ಆರತಿ ತಗೋರಿ, ಗುರುಗಳ."

ಗುರುಗಳೇ ಮೊದಲು ಕೈಚಾಚಿದರು. ಗೆಳೆಯನ ಗಂಟು ಕಟ್ಟುವ ಪ್ರಸಂಗ ಬರಲಿಲ್ಲ.

ಅಂದು ಆ ಜ್ವಾಲೆಗೆ ಕೈಯೊಡ್ಡಿದ ಎಲ್ಲರಿಗೂ, ಅವರ ಕೈಯಿಂದ ಗುಣವಾದವರಿಗೂ ಶುಭವಾಗಲಿ. ಅವರ ಸಂತತಿಯ ಕೊಡಗಳು ತುಂಬಿರಲಿ. ನನ್ನ ಗೆಳೆಯನಿಗೆ, ಅವನು ಈಗಿರುವ ಲೋಕದಲ್ಲಿ, ಎಂದಿಗೂ ಆರದ ಕರ್ಪೂರವೊಂದು ದೊರೆತು, ಪಂಚಭೂತಗಳಿಂದಲೇ ಆರಂಭಿಸುವ ಅವಕಾಶವಾಗಲಿ.