ಎಡಕ್ಕೆ ತಿರುಗಿದ ಬಸವನಹುಳು

ನನ್ನ ಅಕ್ಕನ ಗಂಡನಿಗೆ ಸೊರಬದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಒಮ್ಮೆ ಸಿಮೆಂಟ್ ಕಂಪನಿಯವರು ವ್ಯಾಪಾರಿಗಳನ್ನೆಲ್ಲ ತಮಿಳುನಾಡಿನ ತಮ್ಮ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋದರು. ಉಳಿದವರು ಮನೆಗೆ ಸೀರೆ, ಪ್ರಸಾದ ತಂದರು. ಭಾವ ಸುಣ್ಣಕಲ್ಲಿನ ಗಣಿಯ ಪಕ್ಕದ ರಾಶಿಯಿಂದ, ಅಲ್ಲಿಯವರನ್ನು ಕೇಳಿಯೇ, ಒಂದು ಕೈಚೀಲ ತುಂಬ ಕಲ್ಲಾಗಿಹೋದ ಕಡಲ ಬಸವನಹುಳುಗಳನ್ನು ಆರಿಸಿಕೊಂಡು ಬಂದರು. ಸೀರೆಯ ಆಸೆಯಿಂದ ಚೀಲ ಬಿಚ್ಚಿದ ಅಕ್ಕ ನನಗೆ ಫೋನ್ ಮಾಡಿ, "ಹುಳುಹುಪ್ಪಟೆ ಪಾಠ ಮಾಡೋಳು ನೀನು. ಬಂದು ಇವನ್ನ ಏನಾದ್ರೂ ಮಾಡು ಮಾರಾಯ್ತಿ" ಎಂದಳು.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮ ಕಡೆಯ ಬಂಡೆಗಳು ಬಸವನಹುಳು ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನವು. ಪಕ್ಕದ ತಾಳಗುಂದದಲ್ಲಿ ಕಲ್ಲಿನ ಮೇಲೆ ಶಾಸನದ ಅಕ್ಷರ ಸಿಕ್ಕೀತೇ ಹೊರತು ಕಲ್ಲಿನೊಳಗೆ ಹುಳು ಸಿಗುವುದಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆಯೇ ಸೊರಬದ ಬಸ್ಸು ಹತ್ತಿದೆ.

ಅಷ್ಟರಲ್ಲಿ ಭಾವ ವರ್ಗೀಕರಣ ಮುಗಿಸಿಬಿಟ್ಟಿದ್ದರು. ಬೋಲ್ಟು, ನಟ್ಟು ಇಡುವ ಡಬ್ಬಿಗಳಲ್ಲಿ ಅಳತೆಯ ಪ್ರಕಾರ ತುಂಬಿದ್ದರು: ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚು. ಒಂದೇ ಜಾತಿಯ ಮರಿಯೂ ದೊಡ್ಡದೂ ಬೇರೆ ಬೇರೆ ಡಬ್ಬಿಗೆ ಹೋಗಿವೆ, ಇದು ತಪ್ಪು ಎಂದೆ. ತಮ್ಮ ಅಂಗಡಿಯಲ್ಲಿ ಯಾವ ಬೋಲ್ಟೂ ಇಲ್ಲಿಯವರೆಗೆ ಬೆಳೆದಿಲ್ಲ ಎಂದರು ಭಾವ. ಆದರೂ ಡಬ್ಬಿಗಳನ್ನು ನೆಲಕ್ಕೆ ಸುರಿದರು. ಸುರುಳಿ ಎಷ್ಟು ಎತ್ತರಕ್ಕೆ ಏರಿದೆ, ಮೈಮೇಲೆ ಗೆರೆ ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ, ಬಾಯಿ ದುಂಡಗಿದೆಯೋ ಸೀಳಿದಂತಿದೆಯೋ ನೋಡಿ ಮತ್ತೆ ಗುಂಪು ಮಾಡಿದೆವು.

ಕೆಲವಕ್ಕೆ ಗೆರೆಯೇ ಇರಲಿಲ್ಲ. ಅವು ಚಿಪ್ಪಲ್ಲ, ಚಿಪ್ಪಿನೊಳಗೆ ತುಂಬಿ ಗಟ್ಟಿಯಾದ ಮಣ್ಣು. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಮರದ ಅಚ್ಚು ಕರಗಿಹೋಗಿ ಒಳಗಿನ ಸಕ್ಕರೆ ಮಾತ್ರ ಉಳಿದ ಹಾಗೆ ಎಂದು ವಿವರಿಸಿದೆ. ಅಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಕ್ಕ, "ಅಂದ್ರೆ ಇವ್ರು ಅಷ್ಟು ದೂರದಿಂದ ಮಣ್ಣು ಹೊತ್ಕೊಂಡು ಬಂದಿದಾರೆ ಅನ್ನು" ಎಂದಳು.

ಭಾವನಿಗೆ ಹುಚ್ಚು ಹಿಡಿಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಹಲ್ಲುಜ್ಜುವ ಬ್ರಷ್ಷಿನಿಂದ ಅವನ್ನು ತಿಕ್ಕುತ್ತಾ ಕೂರುತ್ತಿದ್ದರು. ಬ್ರಷ್ಷು ಯಾರದೆಂದು ಅಕ್ಕನಿಗೆ ತಡವಾಗಿ ಗೊತ್ತಾಯಿತು.

ಒಂದು ದಿನ ನನ್ನ ಮೊಬೈಲಿಗೆ ಫೋಟೊ ಬಂತು. ಭಾವ ನಗುತ್ತಾ ಒಂದು ಬಸವನಹುಳುವನ್ನು ಕೆನ್ನೆಯ ಪಕ್ಕ ಹಿಡಿದಿದ್ದರು. ತುದಿ ಮೇಲಿತ್ತು, ಬಾಯಿ ನನ್ನ ಕಡೆಗಿತ್ತು. ಹಾಗೆ ಹಿಡಿದಾಗ ಬಾಯಿ ಸಾಮಾನ್ಯವಾಗಿ ಬಲಕ್ಕಿರುತ್ತದೆ. ಇದರದ್ದು ಎಡಕ್ಕಿತ್ತು. ಎಡಸುರುಳಿಯದು ಬಲು ಅಪರೂಪ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಸಂಜೆ ನನ್ನವರಿಗೆ ಊಟ ಬಡಿಸುವುದನ್ನು ಬಿಟ್ಟು ಬಲ ಎಡ ಪಾಠ ಮಾಡಿದೆ. ಸಾರು ಯಾವ ಕಡೆಗಿದೆ ಎಂದು ಅವರು ಮೆಲ್ಲಗೆ ಕೇಳಿದರು.

ಭಾನುವಾರ ಸೊರಬ ತಲುಪಿದಾಗ ಭಾವ ಅದನ್ನು ಹತ್ತಿಯ ಮೇಲೆ ಮಲಗಿಸಿದ್ದರು. ಕೈಗೆತ್ತಿಕೊಂಡೆ. ಬಾಯಿ ಬಲಕ್ಕಿತ್ತು. ತಿರುಗಿಸಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ, ಬಲಕ್ಕೇ ಇತ್ತು. ಕಲ್ಲು ಬದಲಾಗಿದೆ ಎಂದು ನಾನು, ಬದಲಾಗಿಲ್ಲ ಎಂದು ಭಾವ. ಅಕ್ಕ ನನ್ನ ಕೈಯಿಂದ ಮೊಬೈಲು ಇಸಕೊಂಡು ಫೋಟೊ ನೋಡಿದಳು.

"ಇದ್ರಲ್ಲಿ ಇವ್ರ ಅಂಗಿ ಜೇಬು ಎಂತಕ್ಕೆ ಬಲಗಡೆ ಎದೆಗೆ ಹೋಗಿದೆ?"

ತಮ್ಮ ಮುಖವೂ ಬರಲೆಂದು ಭಾವ ಮುಂದಿನ ಕ್ಯಾಮೆರಾದಲ್ಲಿ ತೆಗೆದಿದ್ದರು. ಅವರ ಫೋನು ಕನ್ನಡಿಯಂತೆ ಎಲ್ಲವನ್ನೂ ಅದಲುಬದಲು ಮಾಡಿತ್ತು. ಮೊದಲು ನಕ್ಕವರು ಭಾವನೇ. ನನಗೆ ಸೋಮವಾರದ ಸ್ಟಾಫ್ ರೂಮು ಕಣ್ಮುಂದೆ ಬಂದು ನಗು ತಡವಾಗಿ ಬಂತು. ವಾರವಿಡೀ ಸಹೋದ್ಯೋಗಿಗಳು ಹಾಜರಿ ಪುಸ್ತಕ ಕೊಡುವಾಗಲೂ ಎಡಗೈಯೋ ಬಲಗೈಯೋ ಎಂದು ಕೇಳಿದರು.

ಪಳೆಯುಳಿಕೆ ಬಲ್ಲ ಪರಿಚಯದವರೊಬ್ಬರಿಗೆ ಅದನ್ನು ತೋರಿಸಿದೆ. ಚಿಪ್ಪು ಉಳಿಯದೆ ಒಳಗಿನ ಮಣ್ಣಷ್ಟೇ ಇರುವುದರಿಂದ ಯಾವ ಕುಲವೆಂದು ಹೇಳಬಹುದು, ಪ್ರಭೇದ ಹೇಳಲಾಗದು ಎಂದರು. ಭಾವನಿಗೆ ಬೇಸರವಾಗಲಿಲ್ಲ. ಓದಿದವರಿಗೂ ತಿಳಿಯದ ವಸ್ತು ಎಂಬ ಹೆಮ್ಮೆಯಿಂದ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟರು.

ಕಳೆದ ತಿಂಗಳು ನಾನು ಅಲ್ಲಿದ್ದಾಗ ಜಡೆ ಊರಿನಿಂದ ಸಿಮೆಂಟಿಗೆ ಬಂದ ಒಬ್ಬರು ಇದೇನೆಂದು ಕೇಳಿದರು. ಭಾವ ಸಿಮೆಂಟಿಗೆ ಸುಣ್ಣಕಲ್ಲು ತೆಗೆಯುವ ಗಣಿ, ಸುರುಳಿ, ಬಾಯಿ ಒಂದನ್ನೂ ಬಿಡದೆ ಹೇಳಿದರು. ಅವರು ಸಾವಧಾನವಾಗಿ ಕೇಳಿಸಿಕೊಂಡರು.

"ಅಂದ್ರೆ ನಮ್ಮನೆ ಗೋಡೆಯೊಳಗೂ ಇವು ಪುಡಿಯಾಗಿ ಇರ್ತಾವೆ ಅನ್ನಿ?"

ಭಾವ ಇದನ್ನು ಯೋಚಿಸಿಯೇ ಇರಲಿಲ್ಲ. ಒಮ್ಮೆ ನನ್ನ ಕಡೆ ನೋಡಿ, "ಇರ್ತಾವ್ರೀ. ಆದ್ರೆ ಅದಕ್ಕೆ ನಾವು ಬೇರೆ ರೇಟು ಹಾಕಲ್ಲ" ಎಂದರು.