ಪಡುಗೋಡೆ ಬೆವರಿದ ಚಳಿಗಾಲ

2023ರ ಜನವರಿಯಲ್ಲಿ ನಾನು ರೆಕ್ಸ್‌ಡೇಲ್‌ನ ಒಂದು ಎಚ್‌ವಿಎಸಿ ಕಂಪನಿಯಲ್ಲಿ ಸೀನಿಯರ್ ಟೆಕ್ನಿಶಿಯನ್ ಆಗಿದ್ದೆ. ಕಟ್ಟಡದೊಳಗಿನ ಬಿಸಿ, ತಂಪು ಮತ್ತು ಗಾಳಿಯನ್ನು ನೋಡಿಕೊಳ್ಳುವ ಕೆಲಸ ಅದು. ಹಿಂದಿನ ಅಕ್ಟೋಬರಿನಲ್ಲಿ ನನ್ನ ಹೆಂಡತಿ ವಾರಿಜ ತೀರಿಕೊಂಡಿದ್ದಳು. ಮನೆಯಲ್ಲಿ ಅವಳ ಹೊಲಿಗೆ ಕೋಣೆಯ ಬಾಗಿಲು ಹಾಕಿ, ಬಿಸಿಗಾಳಿ ಬರುವ ನೆಲದ ವೆಂಟನ್ನೂ ಮುಚ್ಚಿದ್ದೆ. ಯಾರೂ ಕೂರದ ಕೋಣೆಗೆ ಬಿಸಿ ಯಾಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆ ತಿಂಗಳು ಕ್ಲೈನ್‌ಬರ್ಗ್ ಹತ್ತಿರದ ಒಂದು ಗ್ರೀಕ್ ಚರ್ಚಿನ ಕೆಲಸ ಬಂತು. ಅಲ್ಲಿನ ಹಿರಿಯರು ತಮ್ಮ ಊರಿನ ಮಧ್ಯಯುಗದ ಬೈಜಾಂಟೈನ್ ಚರ್ಚನ್ನು ಅಳತೆ ಮಾಡಿ ತಂದು, ಅದರಂತೆಯೇ ಇಲ್ಲಿ ಕಟ್ಟಿಸಿದ್ದರು. ಒಳಗೆ ನಾಲ್ಕು ಕಂಬ, ಅವುಗಳ ಮೇಲೆ ಗುಮ್ಮಟ, ಗುಮ್ಮಟದಿಂದ ನಾಲ್ಕು ದಿಕ್ಕಿಗೆ ಶಿಲುಬೆಯಂತೆ ಚಾಚಿದ ಕಮಾನುಗಳು. ಪೂರ್ವಕ್ಕೆ ಗರ್ಭಗುಡಿ. ಪಶ್ಚಿಮಕ್ಕೆ ತಗ್ಗು ಮಾಡಿನ ಒಂದು ಮುಖಮಂಟಪ. ಭಕ್ತರು ಮೇಣದ ಬತ್ತಿ ಹಚ್ಚುವುದು ಅಲ್ಲಿ. ಗೋಡೆಗಳ ತುಂಬ ಚಿತ್ರ. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಿದರೆ, ಗಾರೆ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಅದಕ್ಕೆ ಫ್ರೆಸ್ಕೊ ಎನ್ನುತ್ತಾರೆ.

ತೊಂದರೆ ಇದ್ದದ್ದು ಮುಖಮಂಟಪಕ್ಕೂ ಒಳಗಿಗೂ ನಡುವಿನ ಪಡುಗೋಡೆಯಲ್ಲಿ. ಒಳಬಾಗಿಲಿನ ಮೇಲಿನ ದೊಡ್ಡ ಚಿತ್ರದ ತುಂಬ ನೀರಿನ ಹನಿ, ಅಲ್ಲಲ್ಲಿ ಬಿಳಿ ಉಪ್ಪು. ಜೊತೆಗೆ ಬಂದಿದ್ದ ಪುತ್ತೂರಿನ ಸುಧಾಕರ ತಲೆ ಎತ್ತಿ ನೋಡಿದ.

"ಎಂತ ಅಣ್ಣ, ಹೊರಗೆ ಮೈನಸ್ ಹದಿನೈದು, ಇಲ್ಲಿ ದೇವರಿಗೆ ಬೆವರುವುದಾ?"

ಚರ್ಚಿನ ಸಮಿತಿ ಒಂದು ಪರಿಹಾರ ಯೋಚಿಸಿತ್ತು. ಬಾಗಿಲಿನ ಮೇಲೆ ಗೋಡೆ ಕೊರೆದು ಡಕ್ಟ್ ಎಂಬ ಗಾಳಿಕೊಳವೆ ಎಳೆದು, ಬಿಸಿಗಾಳಿ ಊದಿಸುವುದು. ಆ ವಾರವೇ ಕೊರೆಯಬೇಕಿತ್ತು. ಚಿತ್ರ ಬರೆದಿದ್ದ ಇರೀನಿ ಎಂಬಾಕೆ ಬಾಗಿಲಲ್ಲೇ ನಮ್ಮನ್ನು ತಡೆದರು. ಅರವತ್ತು ದಾಟಿದ, ಬೆರಳ ಸಂದಿಯಲ್ಲಿ ಬಣ್ಣ ಉಳಿದ ಹೆಂಗಸು.

"ಅವಳ ಕಾಲು ಕತ್ತರಿಸಲು ಬಂದವರು ನೀವೇನಾ?"

ಆಗಲೇ ನಾನು ಚಿತ್ರವನ್ನು ಸರಿಯಾಗಿ ನೋಡಿದ್ದು. ಯೇಸುವಿನ ತಾಯಿ ಮೇರಿ ತೀರಿಕೊಂಡು ಮಂಚದ ಮೇಲೆ ಮಲಗಿದ್ದಾಳೆ. ಸುತ್ತ ಶಿಷ್ಯರು ಬಗ್ಗಿ ಅಳುತ್ತಿದ್ದಾರೆ. ಹಿಂದೆ ನೆಟ್ಟಗೆ ನಿಂತ ಮಗನ ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಒಂದು ಕೂಸು. ಡಕ್ಟ್ ಹಾದರೆ ತಾಯಿಯ ಮೊಣಕಾಲಿನಿಂದ ಕೆಳಗೆ ಏನೂ ಉಳಿಯುವುದಿಲ್ಲ.

"ಆ ಮಗು ಯಾರದ್ದು?" ಎಂದೆ.

"ಅದು ಅವಳೇ. ಅವಳ ಪ್ರಾಣ. ಮೊದಲು ಅವನು ಇವಳ ಮಡಿಲಲ್ಲಿದ್ದ. ಈಗ ಇವಳು ಅವನ ಕೈಯಲ್ಲಿ." ಬಾಗಿಲಿನ ಕಡೆ ಕೈ ತೋರಿಸಿ ಹೇಳಿದರು: "ಹಳೆಯ ಚರ್ಚುಗಳಲ್ಲಿ ಇದನ್ನು ಹೆಚ್ಚಾಗಿ ಪಡುಗೋಡೆಯಲ್ಲೇ ಬರೆಯುತ್ತಾರೆ. ಮನೆಗೆ ಹೊರಟವರು ಕೊನೆಯದಾಗಿ ನೋಡುವುದು ಇದನ್ನೇ."

ನಾನು ಮೀಟರ್ ತೆಗೆದೆ.

ಒಳಗಿನ ಗಾಳಿ 21 ಡಿಗ್ರಿ, ತೇವಾಂಶ ನೂರಕ್ಕೆ 45. ಅಂಥ ಗಾಳಿ ಒಂಬತ್ತು ಡಿಗ್ರಿಗಿಂತ ತಣ್ಣಗಿನ ಯಾವುದನ್ನು ಮುಟ್ಟಿದರೂ ನೀರು ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವಂತೆ. ಆ ಮಟ್ಟವನ್ನು ಡ್ಯೂ ಪಾಯಿಂಟ್ ಎನ್ನುತ್ತೇವೆ. ಪಡುಗೋಡೆಯ ಮೇಲ್ಭಾಗ ಹನ್ನೊಂದು ಡಿಗ್ರಿ ಇತ್ತು, ಬೆವರಬಾರದಿತ್ತು. ಉತ್ತರದ ಗೋಡೆ ಅಷ್ಟೇ ತಣ್ಣಗಿದ್ದೂ ಒಣಗಿತ್ತು. ಹಾಗಾದರೆ ಈ ಒಂದು ಗೋಡೆಗೆ ಮಾತ್ರ ಇಷ್ಟು ತೇವ ಎಲ್ಲಿಂದ?

ಉತ್ತರ ಮುಖಮಂಟಪದಲ್ಲಿತ್ತು. ಬತ್ತಿ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಏಳುತ್ತದೆ. ಒಳಬಾಗಿಲು ಸದಾ ತೆರೆದಿದ್ದುದರಿಂದ ಆ ಬಿಸಿ ಆವಿ ಬಾಗಿಲಿನ ಮೇಲಂಚಿನಿಂದ ಒಳಗೆ ಹೊರಳಿ, ನೇರ ಚಿತ್ರದ ಮೇಲೆ ಏರುತ್ತಿತ್ತು. ಗಾಳಿಯ ದಾರಿ ತೋರಿಸುವ ಹೊಗೆಕಡ್ಡಿಯನ್ನು ಸುಧಾಕರ ಬಾಗಿಲಲ್ಲಿ ಹಿಡಿದ. ಹೊಗೆ ತಾಯಿಯ ಪಾದದವರೆಗೆ ಹೋಗಿ ನಿಂತಿತು. ಹಳೆಯ ಕಾಲದವರು ಮುಖಮಂಟಪಕ್ಕೂ ಒಳಗಿಗೂ ನಡುವೆ ಗೋಡೆ ಕಟ್ಟಿ ಬಾಗಿಲು ಇಟ್ಟಿದ್ದರು. ಇಲ್ಲಿಯೂ ಬಾಗಿಲಿತ್ತು. ಮುಚ್ಚದಂತೆ ಅದಕ್ಕೆ ಒಂದು ಹೂಕುಂಡ ಅಡ್ಡ ಇಟ್ಟಿದ್ದರು.

ಕುಂಡ ಸರಿಸಿ ಬಾಗಿಲು ಹಾಕಿದೆವು. ಐದು ನಿಮಿಷದಲ್ಲಿ ಅದು ಮತ್ತೆ ತೆರೆದಿತ್ತು. ಕಪ್ಪು ಕೋಟಿನ ಒಬ್ಬ ಕುಳ್ಳ ಅಜ್ಜಿ ಕಾಲಿನಿಂದ ಕುಂಡವನ್ನು ಬಾಗಿಲಿಗೆ ಅಡ್ಡ ತಳ್ಳುತ್ತಿದ್ದರು. ಸ್ತಾವ್ರುಲಾ ಅಂತ ಹೆಸರು, ಗಂಡನ ಹೆಸರಲ್ಲಿ ದಿನವೂ ಬತ್ತಿ ಹಚ್ಚುತ್ತಾರೆ ಎಂದು ಇರೀನಿ ಹೇಳಿದರು.

"ಅಮ್ಮ, ಈ ಬಾಗಿಲು ತೆರೆದರೆ ಚಿತ್ರ ಹಾಳಾಗುತ್ತದೆ," ಎಂದೆ.

"ಮುಚ್ಚಿದರೆ ಗರ್ಭಗುಡಿ ಕಾಣುವುದಿಲ್ಲ, ನಾನು ಯಾರ ಮುಂದೆ ಬತ್ತಿ ಹಚ್ಚಲಿ? ಹಲಗೆಯ ಮುಂದೆಯಾ? ನಿನ್ನ ಗಾಳಿ ನೀನು ನೋಡಿಕೊ, ನನ್ನ ಬಾಗಿಲು ನಾನು ನೋಡಿಕೊಳ್ಳುತ್ತೇನೆ." ಆಮೇಲೆ ನನ್ನ ಮದುವೆಯ ಉಂಗುರ ನೋಡಿದರು. "ಹೆಂಡತಿ ಇದ್ದಾಳಾ?"

"ಇದ್ದಳು."

ಅಜ್ಜಿ ಕುಂಡದಿಂದ ಕಾಲು ತೆಗೆದರು. "ಹಾಗಾದರೆ ನಿನಗೆ ನಾನು ಹೇಳಿಕೊಡಬೇಕಾ?"

ನಾನು ಅವರನ್ನು ಬತ್ತಿಯ ಮುಂದೆ, ದಿನವೂ ನಿಲ್ಲುವ ಜಾಗದಲ್ಲೇ ನಿಲ್ಲಲು ಹೇಳಿದೆ. ಬಾಗಿಲು ಹಾಕಿ, ಅವರ ಕಣ್ಣಿನ ಮಟ್ಟಕ್ಕೆ ಹಲಗೆಯ ಮೇಲೆ ನೀಲಿ ಟೇಪು ಅಂಟಿಸಿದೆ. ಇಲ್ಲಿ ಎರಡು ಪದರದ ಗಾಜು ಕೂರಿಸೋಣ, ಬತ್ತಿಗಳ ಮೇಲೆ ಹೊಗೆ ಎಳೆಯುವ ಫ್ಯಾನು ಹಾಕಿ ಮುಖಮಂಟಪದ ಮಾಡಿನಿಂದಲೇ ಹೊರಗೆ ಬಿಡೋಣ, ಪಡುಗೋಡೆಯನ್ನು ಯಾರೂ ಮುಟ್ಟುವುದು ಬೇಡ ಎಂದೆ.

ಇರೀನಿ ಬೇಡವೆಂದು ತಲೆಯಾಡಿಸಿದರು. "ಊರಿನ ಚರ್ಚಿನ ಬಾಗಿಲಲ್ಲಿ ಗಾಜಿಲ್ಲ."

"ಊರಿನ ಚರ್ಚಲ್ಲಿ ಹೀಟರೂ ಇಲ್ಲ," ಎಂದರು ಅಜ್ಜಿ. "ನೀನು ಮೂರು ಸ್ವೆಟರು ಹಾಕಿಕೊಂಡು ಚಿತ್ರ ಬರಿ, ಆಗ ಮಾತಾಡೋಣ."

ಸುಧಾಕರ ಮುಖ ತಿರುಗಿಸಿಕೊಂಡು ನಕ್ಕ. ಇರೀನಿಯೂ ನಕ್ಕರು. ಹೊಗೆಕಡ್ಡಿಯ ಪರೀಕ್ಷೆ ನೋಡಿದ ಮೇಲೆ ಸಮಿತಿ ಡಕ್ಟಿನ ಯೋಚನೆ ಬಿಟ್ಟಿತು. ಫೆಬ್ರವರಿಯಲ್ಲಿ ಫ್ಯಾನು ತಿರುಗತೊಡಗಿತು. ಅದರ ಮುಂದಿನ ವಾರ ಗಾಜು ಬಂತು. ಆ ತಿಂಗಳ ಕೊನೆಯ ಚಳಿಯಲ್ಲಿ ಹೋಗಿ ಗೋಡೆ ಮುಟ್ಟಿ ನೋಡಿದೆ. ಒಣಗಿತ್ತು. ಅಜ್ಜಿ ಗಾಜಿನಾಚೆ ನಿಂತು ಬತ್ತಿ ಹಚ್ಚುತ್ತಿದ್ದರು, ನನ್ನನ್ನು ಗಮನಿಸಲಿಲ್ಲ.

ಆ ಶನಿವಾರ ರಿಚ್ಮಂಡ್ ಹಿಲ್‌ನಿಂದ ಮಗಳು ಶ್ರುತಿ ಬಂದಳು. ಸೂಜಿ ಬೇಕೆಂದು ಹೊಲಿಗೆ ಕೋಣೆ ತೆರೆದವಳು ಅಲ್ಲಿಂದಲೇ ಕೂಗಿದಳು.

"ಅಪ್ಪಾ, ಕಮ್ ಹಿಯರ್! ಅಮ್ಮನ ವಿಂಡೋ ಎಲ್ಲ ಒದ್ದೆ, ಫ್ರೇಮಲ್ಲಿ ಮೋಲ್ಡ್ ಬಂದಿದೆ. ಯು ಡೂ ದಿಸ್ ಫಾರ್ ಎ ಲಿವಿಂಗ್!"

ಹೌದು, ಬಿಸಿ ಹೋಗದ ಕೋಣೆಯೂ ಬೆವರುತ್ತದೆ. ಮೊದಲ ವರ್ಷ ಕೆಲಸ ಕಲಿಯುವವನಿಗೂ ಗೊತ್ತಿರುವ ವಿಷಯ. ಶ್ರುತಿ ಕಿಟಕಿಯ ಕಪ್ಪು ಬೂಷ್ಟನ್ನು ಒರೆಸಿದಳು, ನಾನು ಮಂಡಿಯೂರಿ ವೆಂಟ್ ತೆರೆದೆ. ಮಷೀನಿನ ಸೂಜಿಯಲ್ಲಿ ವಾರಿಜ ಪೋಣಿಸಿಟ್ಟ ಹಸಿರು ನೂಲು ಹಾಗೇ ಇತ್ತು.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಹೋದವರ ಕಡೆಗಿನ ಬಾಗಿಲನ್ನು ಸದಾ ತೆರೆದಿಟ್ಟರೂ ಗೋಡೆ ಕೆಡುತ್ತದೆ, ಪೂರ್ತಿ ಮುಚ್ಚಿಟ್ಟರೂ ಕೆಡುತ್ತದೆ. ಕಣ್ಣಿಗೊಂದು ಗಾಜು ಬೇಕು, ಕೋಣೆಗೆ ಒಂದಿಷ್ಟು ಬಿಸಿ ಬೇಕು. ಇದನ್ನು ಅವಳ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ. ಕೆಳಗೆ ಬಿಸಿಗಾಳಿ ಊದುವ ಫರ್ನೇಸ್ ಶುರುವಾದಾಗಲೆಲ್ಲ ಆ ಹಸಿರು ನೂಲು ಸ್ವಲ್ಪ ಅಲ್ಲಾಡುತ್ತದೆ.